ಔಷಧ ಯಾರಿಗೆ? ಚೀಟಿ ಹೇಳಲಿ

(ಬೀದರಿನ ಗಾಂಧಿ ಗಂಜದಲ್ಲಿ ವರ್ತಕರು, ರೈತರು ಮತ್ತು ಹಮಾಲರ ಎದುರು ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ.)



ಗಂಜಿನಲ್ಲಿ ನಿಂತು ಔಷಧದ ಮಾತಾಡುವುದು ತುಸು ವಿಚಿತ್ರವಾಗಿ ಕಾಣಬಹುದು. ಆದರೆ ನಾನು ಇಂದು ಹೇಳಹೊರಟಿರುವ ಸಂಗತಿಯ ಬೇರು ಇರುವುದು ಹೊಲದಲ್ಲಿ. ಆಸ್ಪತ್ರೆಗೆ ಅದು ಆಮೇಲೆ ಬಂದದ್ದು. ಅದರ ಅರ್ಧ ತರ್ಕ ನಿಮಗೆ ಈಗಾಗಲೇ ಗೊತ್ತಿದೆ. ನೂರು ಚೀಲ ತೊಗರಿ ಬಂದು ಇಳಿಯಿತು ಎನ್ನಿ. ತಿಳಿದ ಖರೀದಿದಾರ ಮೇಲಿನ ಒಂದು ಹಿಡಿ ಕಾಳು ನೋಡಿ ದರ ಕೂಗುವುದಿಲ್ಲ. ಚೀಲದ ಹೊಟ್ಟೆಗೆ ಸಲಾಕೆ ಚುಚ್ಚಿ ಒಳಗಿನ ಕಾಳು ಹೊರಗೆ ತೆಗೆಯುತ್ತಾನೆ. ಮಾರುವವನು ಮುಂದೆ ಮಾಡಿದ ಚೀಲವನ್ನು ಬಿಟ್ಟು ಹಿಂದಿನ ಸಾಲಿನ ಚೀಲಕ್ಕೆ ಕೈ ಹಾಕುತ್ತಾನೆ. ಇದರಲ್ಲಿ ಮಾರುವವನ ಮೇಲೆ ಅವಮಾನವೇನೂ ಇಲ್ಲ. ಮಾದರಿಯನ್ನು ಯಾರು ಆರಿಸಿದರು ಎಂಬುದು ಮಾದರಿಯಷ್ಟೇ ಮುಖ್ಯ ಎಂದು ಈ ಪೇಟೆ ಎಂದೋ ಕಲಿತಿದೆ, ಅಷ್ಟೇ.

ಔಷಧದ ವಿಷಯಕ್ಕೆ ಬಂದಾಗ ಮಾತ್ರ ಈ ಎಚ್ಚರ ನಮ್ಮನ್ನು ಬಿಟ್ಟುಹೋಗುತ್ತದೆ. "ನಮ್ಮ ಓಣಿಯವರೊಬ್ಬರು ಆ ಗುಳಿಗೆ ನುಂಗಿದರು, ಮೂರನೆಯ ದಿನ ಎದ್ದು ಓಡಾಡಿದರು" ಎಂದರೆ ಸಾಕು, ನಾವು ಚೀಟಿಯಲ್ಲಿ ಹೆಸರು ಬರೆದುಕೊಂಡು ಅಂಗಡಿಗೆ ಹೋಗುತ್ತೇವೆ. ಗುಳಿಗೆ ನುಂಗದಿದ್ದರೂ ಅವರು ಮೂರನೆಯ ದಿನ ಏಳುತ್ತಿದ್ದರೇ ಎಂದು ಕೇಳುವುದಿಲ್ಲ. ನುಂಗಿಯೂ ಏಳದವರ ಲೆಕ್ಕ ಯಾರ ಬಳಿ ಇದೆ ಎಂದೂ ಕೇಳುವುದಿಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ತರಗತಿಯಲ್ಲಿ ನಮಗೆ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಕಲಿಸುತ್ತಾರೆ. ಔಷಧದ ಸುದ್ದಿಗೆ ಏಳನೆಯದೊಂದು ಬೇಕು: ಯಾರಿಗೆ ಹೋಲಿಸಿ?

ಈ ಏಳನೆಯ ಪ್ರಶ್ನೆಯ ಬೆಲೆ ಎಷ್ಟೆಂದು ಕೊರೊನಾ ಕಾಲ ತೋರಿಸಿತು. ಸೋಂಕಿನಿಂದ ಚೇತರಿಸಿಕೊಂಡವರ ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸಿ ರೋಗಿಗೆ ಕೊಟ್ಟರೆ ಜೀವ ಉಳಿಯುತ್ತದೆ ಎಂಬ ನಂಬಿಕೆ ಆಗ ದೇಶದಲ್ಲೆಲ್ಲ ಹಬ್ಬಿತ್ತು. ಮನೆಮಂದಿ ಹಗಲು ರಾತ್ರಿ ಫೋನು ಹಿಡಿದು ದಾನಿಗಳನ್ನು ಹುಡುಕಿದರು. ಅತ್ತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಏಪ್ರಿಲ್‌ನಿಂದ ಜುಲೈವರೆಗೆ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಒಂದು ಪ್ರಯೋಗ ನಡೆಸಿತು. ಯಾರಿಗೆ ಪ್ಲಾಸ್ಮಾ, ಯಾರಿಗೆ ಇಲ್ಲ ಎಂಬುದನ್ನು ವೈದ್ಯರು ಆರಿಸಲಿಲ್ಲ, ರೋಗಿಗಳ ಮನೆಯವರೂ ಆರಿಸಲಿಲ್ಲ. ಚೀಟಿ ಎತ್ತಿದಂತೆ ಹಂಚಲಾಯಿತು. 235 ಮಂದಿಗೆ ಪ್ಲಾಸ್ಮಾ ಸಿಕ್ಕಿತು, 229 ಮಂದಿಗೆ ಉಳಿದ ಚಿಕಿತ್ಸೆ ಮಾತ್ರ. 28 ದಿನಗಳಲ್ಲಿ ರೋಗ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಮೊದಲ ಗುಂಪಿನಲ್ಲಿ 44, ಎರಡನೆಯದರಲ್ಲಿ 41. ಅಂದರೆ ನೂರಕ್ಕೆ 19 ಮತ್ತು 18. ಪ್ಲಾಸ್ಮಾದಿಂದ ಲಾಭ ಕಾಣಲಿಲ್ಲ.

ಈ ಫಲಿತಾಂಶ ಪ್ರಕಟವಾದದ್ದು 2020ರ ಅಕ್ಟೋಬರಿನಲ್ಲಿ. ಸರ್ಕಾರದ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟದ್ದು 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ನಟ್ಟನಡುವೆ. ನಡುವಿನ ಏಳು ತಿಂಗಳಲ್ಲಿ ಎಷ್ಟು ಮನೆಗಳು ಎಷ್ಟು ಹಣ, ಎಷ್ಟು ರಾತ್ರಿ ಕಳೆದುಕೊಂಡವೋ! ಅದೇ 2020ರ ಜೂನ್‌ನಲ್ಲಿ ಬ್ರಿಟನ್ನಿನ ಇನ್ನೊಂದು ಪ್ರಯೋಗ, ಇದೇ ರೀತಿ ಚೀಟಿ ಎತ್ತಿದ ಪ್ರಯೋಗ, ಡೆಕ್ಸಾಮೆಥಸೋನ್ ಎಂಬ ಅಗ್ಗದ ಹಳೆಯ ಔಷಧ ಜೀವ ಉಳಿಸುತ್ತದೆ ಎಂದು ತೋರಿಸಿತು. 2104 ರೋಗಿಗಳಿಗೆ ಔಷಧ, 4321 ರೋಗಿಗಳಿಗೆ ಎಂದಿನ ಚಿಕಿತ್ಸೆ. ಕೃತಕ ಉಸಿರಾಟದ ಯಂತ್ರಕ್ಕೆ ಹಾಕಿದ ರೋಗಿಗಳಲ್ಲಿ ಸಾವು ಸುಮಾರು ಮೂರನೆಯ ಒಂದು ಪಾಲು ಇಳಿದಿತ್ತು. ದುಬಾರಿಯಾದದ್ದು ಕೈಕೊಟ್ಟಿತು, ಅಗ್ಗದ್ದು ಕೈಹಿಡಿಯಿತು. ಬರೀ ಅನುಭವದಿಂದ ಇವೆರಡನ್ನು ಬೇರೆಬೇರೆ ಮಾಡಿ ನೋಡಲು ಯಾರಿಂದಲೂ ಆಗುತ್ತಿರಲಿಲ್ಲ.

ಇದಕ್ಕೆ ಪಂಡಿತರು ಇಟ್ಟ ಹೆಸರು 'ಯಾದೃಚ್ಛಿಕ ಹಂಚಿಕೆ'. ಬಾಯಿಗೆ ಒಗ್ಗದ ಶಬ್ದ. ನಾನು ಚೀಟಿ ಎತ್ತುವುದು ಎಂದೇ ಹೇಳುತ್ತೇನೆ.

ಚೀಟಿ ಎತ್ತುವುದು ನಮಗೆ ಹೊಸದಲ್ಲ. ತಮಿಳುನಾಡಿನ ಉತ್ತಿರಮೇರೂರಿನಲ್ಲಿ 10ನೆಯ ಶತಮಾನದ ಚೋಳರ ಶಾಸನವಿದೆ. ಊರಿನ ಸಮಿತಿಗೆ ಜನರನ್ನು ಆರಿಸಲು ಓಲೆಗರಿಯಲ್ಲಿ ಹೆಸರು ಬರೆದು ಕೊಡದಲ್ಲಿ ಹಾಕಿ, ಏನೂ ಅರಿಯದ ಚಿಕ್ಕ ಹುಡುಗನ ಕೈಯಿಂದ ಎತ್ತಿಸಬೇಕೆಂದು ಅದರಲ್ಲಿ ವಿಧಿಸಲಾಗಿದೆ. ಇವತ್ತಿಗೂ ಚೀಟಿ ವ್ಯವಹಾರದಲ್ಲಿ ಮಗುವಿನ ಕೈಯಲ್ಲೇ ಎತ್ತಿಸುತ್ತೇವೆ. ಹಳ್ಳಿಗಳಲ್ಲಿ ದೇವರಿಗೆ ಹೂವು ಕೇಳುವ ರೂಢಿಯೂ ಇದೆ. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಇವೆರಡರ ನಡುವೆ ಒಂದು ವ್ಯತ್ಯಾಸವುಂಟು. ಹೂವು ಕೇಳುವವರು ದೇವರ ಇಚ್ಛೆ ತಿಳಿಯಲು ಕೇಳುತ್ತಾರೆ. ಕೊಡದಿಂದ ಓಲೆ ಎತ್ತಿಸುವವರಿಗೆ ಯಾರ ಇಚ್ಛೆಯೂ ನಡುವೆ ಬರಬಾರದು. ವೈದ್ಯರ ಪ್ರಯೋಗದ ಚೀಟಿ ಈ ಎರಡನೆಯ ಜಾತಿಯದು.

ಇಲ್ಲಿಗೆ ಬರಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು. ಆ ದಾರಿಯ ಒಂದು ನಿಲ್ದಾಣ ನಮ್ಮ ಹುಬ್ಬಳ್ಳಿ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಒಂದೆರಡು ವರ್ಷಗಳಲ್ಲಿ ಹುಬ್ಬಳ್ಳಿ-ಧಾರವಾಡದ ಕಡೆಗೂ ಬಂತು. ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ಆ ಭಾಗದ ಅಜ್ಜ-ಅಜ್ಜಿಯರಿಂದ ಕೇಳಿದವರು ಈಗಲೂ ಇದ್ದಾರೆ. ವಾಲ್ಡೆಮರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ಸಿದ್ಧಪಡಿಸಿ 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡರು. 1898ರಲ್ಲಿ ಲ್ಯೂಮನ್ ಎಂಬ ವೈದ್ಯರು ಹುಬ್ಬಳ್ಳಿಯಲ್ಲಿ ಸಾವಿರ ಸಾವಿರ ಜನರಿಗೆ ಈ ಲಸಿಕೆ ಹಾಕಿದರು. ಚುಚ್ಚಿಸಿಕೊಂಡವರಲ್ಲಿ ಸತ್ತವರು ಕಡಿಮೆ ಎಂದು ಲೆಕ್ಕ ಬಂತು. ಲಸಿಕೆಯಲ್ಲಿ ಗುಣವಿತ್ತು, ನಿಜ. ಆದರೆ ಹುಬ್ಬಳ್ಳಿಯ ಲೆಕ್ಕವೊಂದರಿಂದಲೇ ಎಷ್ಟು ಗುಣ ಎಂದು ಹೇಳುವುದು ಕಷ್ಟ. ಚುಚ್ಚಿಸಿಕೊಳ್ಳಲು ಮುಂದೆ ಬಂದವರು ಯಾರು, ಹಿಂದೆ ಉಳಿದವರು ಯಾರು? ಮುಂದೆ ಬಂದವರು ಹೆಚ್ಚು ತಿಳಿದವರು, ಒಳ್ಳೆಯ ಮನೆಯಲ್ಲಿರುವವರು, ಇಲಿ ಬಿದ್ದ ಕೂಡಲೆ ಊರು ಬಿಡುವ ಅನುಕೂಲವಿದ್ದವರು ಆಗಿದ್ದರೆ ಲಸಿಕೆ ಇಲ್ಲದೆಯೂ ಅವರು ಹೆಚ್ಚು ಉಳಿಯುತ್ತಿದ್ದರು. ಒಳ್ಳೆಯ ಕಾಳು ತಾನಾಗಿಯೇ ಒಂದು ಚೀಲ ಸೇರಿದಂತೆ.

ಹಾಫ್‌ಕಿನ್‌ರಿಗೆ ಈ ತೊಡಕು ಗೊತ್ತಿತ್ತು. 1898ರ ಫೆಬ್ರುವರಿಯಲ್ಲಿ ಬರೋಡಾ ಸಮೀಪದ ಉಂಧೇರಾ ಎಂಬ ಹಳ್ಳಿಯಲ್ಲಿ ಪ್ರತಿಯೊಂದು ಮನೆಯನ್ನೂ ಎರಡು ಪಾಲು ಮಾಡಿ, ಅರ್ಧ ಜನರಿಗೆ ಮಾತ್ರ ಲಸಿಕೆ ಹಾಕಲಾಯಿತು. ಅದೇ ಒಲೆ, ಅದೇ ನೀರು, ಅದೇ ಇಲಿ. ಗಂಡಸರು, ಹೆಂಗಸರು, ಮಕ್ಕಳು ಎರಡೂ ಪಾಲಿಗೆ ಸರಿಸುಮಾರು ಬರುವಂತೆ ನೋಡಿಕೊಂಡರು. ಮುಂದೆ 28 ಮನೆಗಳಿಗೆ ಪ್ಲೇಗು ಹೊಕ್ಕಿತು. ಆ ಮನೆಗಳಲ್ಲಿ ಲಸಿಕೆ ಪಡೆದ 71 ಮಂದಿಯಲ್ಲಿ ಸತ್ತವರು 3. ಪಡೆಯದ 64 ಮಂದಿಯಲ್ಲಿ ಸತ್ತವರು 26. ಒಂದೇ ಮನೆಯಲ್ಲಿ ಯಾರಿಗೆ ಸೂಜಿ, ಯಾರಿಗೆ ಇಲ್ಲ ಎಂದು ಬೊಟ್ಟು ಮಾಡಿದ ಆ ಗಳಿಗೆಯನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಆ 26 ಜನ ಪ್ರಯೋಗಕ್ಕೆ ಒಪ್ಪಿದ್ದರೇ ಎಂದು ಕೇಳುವ ಪದ್ಧತಿ ಆ ಕಾಲದಲ್ಲಿ ಇರಲಿಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ.

ಉಂಧೇರಾದಲ್ಲಿ ಹಂಚಿದ್ದು ಕಣ್ಣಳತೆಯಿಂದ. ಅದಕ್ಕೂ ಮುಂಚೆ, ಆ ವರ್ಷದ ಆರಂಭದಲ್ಲಿ ಮುಂಬಯಿಯ ಉಮರ್‌ಖಾಡಿ ಜೈಲಿನಲ್ಲಿ ಕೈದಿಗಳನ್ನು ಸಾಲಾಗಿ ಕೂರಿಸಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ಲಸಿಕೆ ಹಾಕಿದ್ದರು. ನೋಡಲು ಇದು ನ್ಯಾಯವಾಗಿಯೇ ಕಾಣುತ್ತದೆ. ಕೊರತೆ ಇರುವುದು ಎಲ್ಲಿ ಎಂದರೆ, ಮುಂದಿನ ಪಾಳಿ ಯಾವುದು ಎಂದು ಎಲ್ಲರಿಗೂ ಮೊದಲೇ ತಿಳಿದಿರುತ್ತದೆ. ವೈದ್ಯರೊಬ್ಬರ ಮುಂದೆ ಬಡಕಲು ರೋಗಿ ಬಂದು ನಿಂತಿದ್ದಾನೆ, ಈಗಿನ ಪಾಳಿ 'ಔಷಧ ಇಲ್ಲ' ಎಂದಿದೆ. ವೈದ್ಯರಿಗೆ ಕರುಳು ಇರುವುದಿಲ್ಲವೇ? "ನೀನು ನಾಳೆ ಬಾ" ಎಂದು ಹೇಳಿ ಗಟ್ಟಿಮುಟ್ಟಾದವನನ್ನು ಮುಂದಕ್ಕೆ ಕರೆಯುತ್ತಾರೆ. ಔಷಧದ ಗುಂಪಿನಲ್ಲಿ ಬಡಕಲರು ಹೆಚ್ಚಾಗಿ ಔಷಧಕ್ಕೆ ಕೆಟ್ಟ ಹೆಸರು ಬರುತ್ತದೆ. ಔಷಧದ ಮೇಲೆ ಮೋಹ ಇದ್ದವರು ಇದನ್ನೇ ತಿರುಗುಮುರುಗು ಮಾಡಿಯಾರು. ಮೋಸದ ಉದ್ದೇಶ ಯಾರಿಗೂ ಬೇಕಿಲ್ಲ, ಕರುಣೆಯೊಂದೇ ಸಾಕು ಲೆಕ್ಕ ಕೆಡಿಸಲು.

ಇದಕ್ಕೆ ಮದ್ದು ಹೊಲದಿಂದ ಬಂತು ಎಂದೆನಲ್ಲ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಎಂಬ ಗಣಿತಜ್ಞರಿದ್ದರು. ಯಾವ ಗೊಬ್ಬರಕ್ಕೆ ಇಳುವರಿ ಹೆಚ್ಚು ಎಂಬುದು ಅವರ ಮುಂದಿದ್ದ ಪ್ರಶ್ನೆ. ನಮ್ಮ ಜಿಲ್ಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಬೀದರಿನ ಕೆಂಪು ನೆಲ, ಇನ್ನೊಂದು ಕಡೆ ಎರೆ ಭೂಮಿ. ಒಂದೇ ಹೊಲದಲ್ಲೂ ತಗ್ಗಿನ ಮಣ್ಣು ಬೇರೆ, ದಿಬ್ಬದ ಮಣ್ಣು ಬೇರೆ. ಹೊಸ ಗೊಬ್ಬರವನ್ನು ತಗ್ಗಿಗೆ ಹಾಕಿ ಹಳೆಯದನ್ನು ದಿಬ್ಬಕ್ಕೆ ಹಾಕಿದರೆ ಗೆದ್ದದ್ದು ಗೊಬ್ಬರವೋ ತಗ್ಗೋ? ಹೊಲವನ್ನು ಸಣ್ಣ ಸಣ್ಣ ತುಂಡು ಮಾಡಿ, ಯಾವ ತುಂಡಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ ಎಂದರು ಫಿಶರ್. ನಮಗೆ ಗೊತ್ತಿರುವ ಭೇದಗಳ ಜೊತೆಗೆ ಗೊತ್ತೇ ಇಲ್ಲದ ಭೇದಗಳೂ ಆಗ ಎರಡೂ ಕಡೆಗೆ ಹಂಚಿಹೋಗುತ್ತವೆ. ಕಣ್ಣಳತೆಯಿಂದ ಇದು ಸಾಧ್ಯವಿಲ್ಲ. ಕಾಣದ್ದನ್ನು ಕಣ್ಣು ಸಮ ಮಾಡುವುದು ಹೇಗೆ?

ಫಸಲು ವಿಮೆಗಾಗಿ ನಡೆಯುವ ಬೆಳೆ ಕಟಾವು ಪ್ರಯೋಗ ನಿಮಗೆಲ್ಲ ಪರಿಚಿತ. ಯಾವ ಸರ್ವೆ ನಂಬರಿನ ಹೊಲ, ಆ ಹೊಲದ ಯಾವ ಮೂಲೆ ಎಂಬುದನ್ನು ಅಲ್ಲಿಯೂ ಅಧಿಕಾರಿಯ ಮರ್ಜಿಗೆ ಬಿಡದೆ ಅಂಕಿಗಳಿಂದ ಗೊತ್ತುಮಾಡಬೇಕೆಂಬ ನಿಯಮವಿದೆ. 1940ರ ದಶಕದಲ್ಲಿ ಪಿ.ವಿ. ಸುಖಾತ್ಮೆ ಮೊದಲಾದವರು ಕಟ್ಟಿದ ಪದ್ಧತಿ ಅದು. ಆದರೆ ಎರಡನ್ನೂ ಕಲಸಬಾರದು. ಕಟಾವಿನಲ್ಲಿ ಚೀಟಿ ಎತ್ತುವುದು ಯಾವ ಹೊಲ ನೋಡಬೇಕು ಎಂದು ಆರಿಸಲು. ಔಷಧದ ಪ್ರಯೋಗದಲ್ಲಿ ಒಪ್ಪಿ ಬಂದವರನ್ನೇ ಎರಡು ಪಾಲು ಮಾಡಲು.

ಹೊಲದ ಚೀಟಿಯನ್ನು ಆಸ್ಪತ್ರೆಗೆ ತಂದವರಲ್ಲಿ ಮುಖ್ಯರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಮೊದಲ ಮಹಾಯುದ್ಧದಲ್ಲಿ ಕ್ಷಯ ತಗಲಿ ವೈದ್ಯರಾಗುವ ಆಸೆ ಬಿಟ್ಟು ಅಂಕಿಸಂಖ್ಯೆಗೆ ಬಂದವರು. ಎರಡನೆಯ ಯುದ್ಧದ ಬಳಿಕ ಸ್ಟ್ರೆಪ್ಟೊಮೈಸಿನ್ ಅಮೆರಿಕದಲ್ಲಿ ತಯಾರಾಗುತ್ತಿತ್ತು; ಬ್ರಿಟನ್ನಿನ ಬಳಿ ಕೊಳ್ಳಲು ಡಾಲರು ಇರಲಿಲ್ಲ. ಎಲ್ಲರಿಗೂ ಸಾಲುವಷ್ಟು ಔಷಧ ಇಲ್ಲವೆಂದ ಮೇಲೆ ಚೀಟಿಯೇ ನ್ಯಾಯ ಎಂದು ಹಿಲ್ ವಾದಿಸಿದರು. 107 ಕ್ಷಯರೋಗಿಗಳು. ಲಕೋಟೆಯ ಹೊರಗೆ ಆಸ್ಪತ್ರೆಯ ಹೆಸರು ಮತ್ತು ಅಂಕಿ ಮಾತ್ರ. ರೋಗಿಯನ್ನು ಸೇರಿಸಿಕೊಂಡಾದ ಮೇಲಷ್ಟೇ ಲಕೋಟೆ ಒಡೆಯಬೇಕು. 55 ಮಂದಿಗೆ ಔಷಧ, 52 ಮಂದಿಗೆ ಹಾಸಿಗೆಯ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಸತ್ತವರು ಅಲ್ಲಿ 4, ಇಲ್ಲಿ 14. 1948ರ ಅಕ್ಟೋಬರಿನಲ್ಲಿ ಈ ವರದಿ ಪ್ರಕಟವಾಯಿತು. ಐದು ವರ್ಷದ ಹೊತ್ತಿಗೆ ಈ ಅಂತರ ಬಹಳ ಕುಗ್ಗಿತ್ತು, ಏಕೆಂದರೆ ರೋಗಾಣು ಆ ಒಂಟಿ ಔಷಧಕ್ಕೆ ಒಗ್ಗಿಕೊಂಡುಬಿಟ್ಟಿತ್ತು. ಕ್ಷಯಕ್ಕೆ ಇಂದು ಎರಡು, ಮೂರು, ನಾಲ್ಕು ಔಷಧ ಒಟ್ಟಿಗೆ ಕೊಡುವುದು ಈ ಪಾಠದಿಂದ.

ನಮ್ಮ ದೇಶದ ಪಾಠ 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದ್ದು. ಕ್ಷಯ ಬಂದವರನ್ನು ಸ್ಯಾನಿಟೋರಿಯಮ್ಮಿನಲ್ಲಿ ಇಟ್ಟು ಹಾಲು, ಮೊಟ್ಟೆ, ಶುದ್ಧ ಗಾಳಿ ಕೊಡಬೇಕೆಂಬುದು ಆಗಿನ ಶಾಸ್ತ್ರ. ಹಾಸಿಗೆಗಳು ಎಷ್ಟಿದ್ದವು? ರೋಗಿಗಳಿಗೆ ಹೋಲಿಸಿದರೆ ಏನೂ ಇಲ್ಲ. ಮದ್ರಾಸಿನಲ್ಲಿ 193 ಬಡ ರೋಗಿಗಳನ್ನು ಚೀಟಿಯಿಂದ ಹಂಚಿ, ಕೆಲವರನ್ನು ಸ್ಯಾನಿಟೋರಿಯಮ್ಮಿಗೆ ಸೇರಿಸಿದರು, ಉಳಿದವರನ್ನು ಅವರ ಇಕ್ಕಟ್ಟಿನ ಮನೆಯಲ್ಲೇ ಬಿಟ್ಟರು. ಗುಳಿಗೆ ಇಬ್ಬರಿಗೂ ಒಂದೇ. ವರ್ಷದ ಕೊನೆಗೆ ಗುಣವಾದವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಮನೆಯಲ್ಲಿ ಉಳಿದವರಿಂದ ಮನೆಮಂದಿಗೆ ರೋಗ ಹೆಚ್ಚಾಗಿ ಹಬ್ಬಲೂ ಇಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. 1962ರಿಂದ ಜಾರಿಗೆ ಬಂದ ರಾಷ್ಟ್ರೀಯ ಕಾರ್ಯಕ್ರಮ ಮನೆಯಲ್ಲೇ ಚಿಕಿತ್ಸೆ ಎಂಬ ತತ್ವದ ಮೇಲೆ ನಿಂತಿತು. ನಮ್ಮ ತಾಲೂಕುಗಳ ಕ್ಷಯರೋಗಿ ಇಂದು ಹೊಲ-ಮನೆ ಬಿಡದೆ ಗುಳಿಗೆ ನುಂಗುತ್ತಿರುವುದರ ಹಿಂದೆ ಆ 193 ಜನರಿದ್ದಾರೆ.

ಇನ್ನು ಚೀಟಿ ಎತ್ತುವ ಕಸುಬಿನ ಬಗ್ಗೆ ಸ್ವಲ್ಪ. ನಾಣ್ಯ ಚಿಮ್ಮಿದರೆ ಆಯಿತಲ್ಲ ಎನ್ನುತ್ತೀರಿ. ಸಾವಿರ ರೋಗಿಗಳಿದ್ದರೆ ಆಯಿತು. ಇಪ್ಪತ್ತೇ ಮಂದಿ ಇದ್ದರೆ? ಇಪ್ಪತ್ತು ಸಲ ನಾಣ್ಯ ಚಿಮ್ಮಿದಾಗ ಹದಿನಾಲ್ಕು-ಆರು ಅಥವಾ ಅದಕ್ಕಿಂತ ಸೊಟ್ಟಾಗಿ ಬೀಳುವುದು ಸುಮಾರು ಒಂಬತ್ತು ಸಲಕ್ಕೊಮ್ಮೆ ಆಗುವಂಥದ್ದು. ಆದ್ದರಿಂದ ನಾಲ್ಕು ನಾಲ್ಕು ಚೀಟಿಗಳ ಕಟ್ಟು ಮಾಡುತ್ತಾರೆ; ಪ್ರತಿ ಕಟ್ಟಿನಲ್ಲಿ ಎರಡು ಔಷಧದ್ದು, ಎರಡು ಇನ್ನೊಂದರದ್ದು. ಲೆಕ್ಕ ಸಮವಾಗುತ್ತದೆ, ಆದರೆ ಚಾಣಾಕ್ಷನೊಬ್ಬ ಮೂರು ಚೀಟಿ ನೋಡಿ ನಾಲ್ಕನೆಯದು ಏನೆಂದು ಹೇಳಿಬಿಡುತ್ತಾನೆ. ಅದಕ್ಕೇ ಒಂದು ಕಟ್ಟು ನಾಲ್ಕರದ್ದು, ಇನ್ನೊಂದು ಆರರದ್ದು ಎಂದು ಬದಲಿಸುತ್ತಾ ಹೋಗುತ್ತಾರೆ, ಯಾವುದು ಎಷ್ಟರದ್ದೆಂದು ವೈದ್ಯರಿಗೆ ಹೇಳುವುದಿಲ್ಲ. ವಯಸ್ಸು ಅಥವಾ ರೋಗದ ತೀವ್ರತೆ ಬಹಳ ಮುಖ್ಯವೆನಿಸಿದರೆ, ಗಂಜಿನಲ್ಲಿ ದರ್ಜೆವಾರು ರಾಶಿ ಮಾಡಿದಂತೆ ರೋಗಿಗಳನ್ನು ಮೊದಲು ರಾಶಿ ಮಾಡಿ, ಒಂದೊಂದು ರಾಶಿಗೂ ಬೇರೆ ಚೀಟಿ ಡಬ್ಬಿ ಇಡುತ್ತಾರೆ. ಕೆಲವೊಮ್ಮೆ ಊರಿಗೆ ಊರೇ ಒಂದು ಚೀಟಿ. ಈ ಊರಿನವರಿಗೆಲ್ಲ ಹೊಸ ಪದ್ಧತಿ, ಆ ಊರಿನವರಿಗೆಲ್ಲ ಹಳೆಯದು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಮುಚ್ಚುಮರೆ. ಲಕೋಟೆಯನ್ನು ದೀಪಕ್ಕೆ ಹಿಡಿದು ಒಳಗಿನ ಬರಹ ಓದಿದವರಿದ್ದಾರೆ. ಈಚೆಗೆ ಬಹುಪಾಲು ಪ್ರಯೋಗಗಳಲ್ಲಿ ಲಕೋಟೆ ಬಿಟ್ಟು ದೂರದ ಕೇಂದ್ರಕ್ಕೆ ಫೋನು ಮಾಡಿಯೋ ಕಂಪ್ಯೂಟರಿನಲ್ಲಿ ಕೇಳಿಯೋ ಪಾಳಿ ತಿಳಿಯುತ್ತಾರೆ. 1995ರಲ್ಲಿ ಕೆನೆತ್ ಶುಲ್ಜ್ ಮತ್ತು ಸಂಗಡಿಗರು 250 ಪ್ರಯೋಗಗಳನ್ನು ಜಾಲಾಡಿ, ಚೀಟಿಯನ್ನು ಸರಿಯಾಗಿ ಮುಚ್ಚಿಡದ ಕಡೆ ಚಿಕಿತ್ಸೆಯ ಗುಣ ಸುಮಾರು ನೂರಕ್ಕೆ 40ರಷ್ಟು ಉಬ್ಬಿ ಕಾಣುತ್ತದೆ ಎಂದು ತೋರಿಸಿದರು. ತಕ್ಕಡಿಯ ಕೆಳಗೆ ಬೆರಳು ಇಟ್ಟರೆ ಏನಾಗುತ್ತದೆಂದು ಈ ಪೇಟೆಗೆ ನಾನು ಹೇಳಬೇಕೇ?

ಈಗ ಬೆಳಗಾವಿಗೆ ಬರೋಣ. ಜಗತ್ತಿನ ಹೆರಿಗೆ ಕೋಣೆಗಳಿಗೆ ತಲುಪಿದ ಸುದ್ದಿಯೊಂದು ನಮ್ಮ ರಾಜ್ಯದ ಹಳ್ಳಿಗಳಿಂದ ಹೊರಟಿತೆಂಬುದು ಕನ್ನಡಿಗರಲ್ಲೇ ಅನೇಕರಿಗೆ ತಿಳಿಯದು.

ಹೆರಿಗೆಯಾದ ಕೂಡಲೇ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಮುದುಡದಿದ್ದರೆ ರಕ್ತ ಹರಿದು ಬಾಣಂತಿ ಗಂಟೆಗಳಲ್ಲೇ ಸಾಯಬಹುದು. ಇದಕ್ಕೆ ಆಕ್ಸಿಟೋಸಿನ್ ಚುಚ್ಚುಮದ್ದು ಇದೆ. ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ಬಲ್ಲವರಿರಬೇಕು. ಮಣ್ಣುಗೋಡೆಯ ಮನೆಯಲ್ಲಿ ನಡುರಾತ್ರಿ ಹೆರುವವಳ ಬಳಿ ಎರಡೂ ಇರುತ್ತಿರಲಿಲ್ಲ. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ಬಾಯಲ್ಲಿ ನುಂಗುವಂಥದ್ದು, ಫ್ರಿಜ್ಜು ಬೇಡ. ಹಳ್ಳಿಯ ಹೆರಿಗೆಯಲ್ಲಿ ಅದು ಕೆಲಸ ಮಾಡುತ್ತದೆಯೇ? ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಕೊಡಕನಿ, ಗೌಡರ, ಬೆಲ್ಲದ, ನಾಯಕ ಮುಂತಾದ ವೈದ್ಯರು ಅಮೆರಿಕದ ರಿಚರ್ಡ್ ಡರ್ಮನ್ ಮತ್ತಿತರರೊಂದಿಗೆ ಸೇರಿ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಇದನ್ನು ಪರೀಕ್ಷಿಸಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸುತ್ತಿದ್ದ 25 ಮಂದಿ ಎ.ಎನ್.ಎಂ. ಸಿಸ್ಟರುಗಳು ಇದರ ಬೆನ್ನೆಲುಬು. 1620 ತಾಯಂದಿರು. ಕಂಪ್ಯೂಟರ್ ಹಾಕಿದ ಪಟ್ಟಿಯ ಪ್ರಕಾರ 812 ಮಂದಿಗೆ ಔಷಧದ ಗುಳಿಗೆ, 808 ಮಂದಿಗೆ ನೋಡಲು ಅದರಂತೆಯೇ ಇದ್ದ, ಔಷಧವಿಲ್ಲದ ಗುಳಿಗೆ. ಯಾವುದು ಯಾವುದೆಂದು ಬಾಣಂತಿಗೂ ಗೊತ್ತಿಲ್ಲ, ಸಿಸ್ಟರಿಗೂ ಗೊತ್ತಿಲ್ಲ.

ರಕ್ತ ಅಳೆಯುವುದೇ ಇನ್ನೊಂದು ಸಮಸ್ಯೆ. ಬಟ್ಟೆ, ನೆಲ, ಗೋಣಿತಟ್ಟು ಎಲ್ಲ ಹೀರಿಕೊಂಡುಬಿಡುತ್ತವೆ. ಕಣ್ಣಳತೆ ಇಲ್ಲಿಯೂ ಸುಳ್ಳು ಹೇಳುತ್ತದೆ. ಅದಕ್ಕಾಗಿ ಈ ತಂಡ ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಸು ರೂಪಿಸಿತು. ಫಲಿತಾಂಶ 2006ರ ಅಕ್ಟೋಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅರ್ಧ ಲೀಟರಿಗೆ ಮೀರಿ ರಕ್ತ ಹೋದವರು ಬರೀ ಗುಳಿಗೆಯ ಗುಂಪಿನಲ್ಲಿ ನೂರಕ್ಕೆ 12, ಔಷಧದ ಗುಂಪಿನಲ್ಲಿ 6.4. ಲೀಟರಿಗೆ ಮೀರಿ ಹೋದವರು ನೂರಕ್ಕೆ 1.2 ಮತ್ತು 0.2. ಔಷಧ ಪಡೆದವರಿಗೆ ಚಳಿ, ಜ್ವರ ಸ್ವಲ್ಪ ಹೆಚ್ಚು ಬಂದು ಇಳಿಯಿತು. ಪ್ರತಿ 18 ಹೆರಿಗೆಗೆ ಒಂದು ರಕ್ತಸ್ರಾವ ತಪ್ಪುತ್ತದೆಂದು ಲೆಕ್ಕ ಬಂತು. ಈ ಬಗೆಯ ಸಾಕ್ಷ್ಯದ ಬಲದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ, ಆಕ್ಸಿಟೋಸಿನ್ ಸಿಗದ ಕಡೆ ಹೆರಿಗೆಯ ರಕ್ತಸ್ರಾವ ತಡೆಯಲು ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ಅಳತೆಯ ಹಾಸಿನಂಥದ್ದೇ ಹಾಸುಗಳನ್ನು ಬಳಸಿ ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಪ್ರಯೋಗದ ವರದಿ 2023ರಲ್ಲಿ ಬಂದಿದೆ.

ಕಥೆ ಇಲ್ಲಿಗೇ ನಿಂತಿದ್ದರೆ ಸುಖಾಂತ್ಯವಾಗುತ್ತಿತ್ತು. ಅದೇ ಬೆಳಗಾವಿಯೂ ಪಾಲುಗೊಂಡ ಇನ್ನೊಂದು ಪ್ರಯೋಗವನ್ನು ನಾನು ಇದಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ದಿನ ತುಂಬುವ ಮೊದಲೇ ಹೆರಿಗೆ ನೋವು ಕಾಣಿಸಿಕೊಂಡರೆ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ; ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಇದು ಅದೆಷ್ಟೋ ಕೂಸುಗಳನ್ನು ಉಳಿಸಿದೆ. ಹಾಗಾದರೆ ಹಳ್ಳಿಗಳಲ್ಲೂ ಎಲ್ಲ ಹಂತದ ಆರೋಗ್ಯ ಸಿಬ್ಬಂದಿಯಿಂದ ಕೊಡಿಸಿದರೆ? ಯಾರೇ ಆದರೂ "ಕೊಡಿಸಿ, ಪರೀಕ್ಷೆ ಏಕೆ?" ಎನ್ನುತ್ತಿದ್ದರು. ಪುಣ್ಯಕ್ಕೆ ಪರೀಕ್ಷೆ ಮಾಡಿದರು. 2011ರಿಂದ 2014ರವರೆಗೆ ಆರು ದೇಶಗಳಲ್ಲಿ, ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರದ ಭಾಗಗಳಲ್ಲಿ, ಊರುಗಳ ಗುಂಪುಗಳನ್ನೇ ಚೀಟಿಯಿಂದ ಹಂಚಿ ನೋಡಿದರು. ಒಟ್ಟು ಸುಮಾರು ಒಂದು ಲಕ್ಷ ಹೆರಿಗೆಗಳು. ಯೋಜನೆ ಜಾರಿಗೊಂಡ ಕಡೆ ಸಾವಿರ ಕೂಸುಗಳಿಗೆ 27.4 ಸಾವು, ಜಾರಿಯಾಗದ ಕಡೆ 23.9. ಒಳಿತೆಂದು ಕೊಟ್ಟದ್ದರಿಂದ ಸಾವಿರಕ್ಕೆ ಮೂರು-ನಾಲ್ಕು ಕೂಸು ಹೆಚ್ಚಾಗಿ ಸತ್ತವು. ತಾಯಂದಿರಿಗೆ ಸೋಂಕಿನ ಶಂಕೆಯೂ ಹೆಚ್ಚಿತು. ಎಷ್ಟು ತಿಂಗಳ ಬಸಿರು ಎಂದು ಹಳ್ಳಿಯಲ್ಲಿ ಖಚಿತವಾಗಿ ತಿಳಿಯುವುದು ಕಷ್ಟ. ಬೇಕಿಲ್ಲದ ಎಷ್ಟೋ ಬಸುರಿಯರಿಗೂ ಚುಚ್ಚುಮದ್ದು ಹೋಗಿತ್ತು.

ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗಿನಿಂದ ದಿನಗಳನ್ನು ಗೊತ್ತುಮಾಡಿಕೊಂಡು, 2852 ಬಸುರಿಯರಲ್ಲಿ ಪುನಃ ಪರೀಕ್ಷಿಸಿತು. 2020ರ ವರದಿ: ಔಷಧ ಪಡೆದವರ ಕೂಸುಗಳಲ್ಲಿ ನೂರಕ್ಕೆ 19.6 ಸಾವು, ಪಡೆಯದವರಲ್ಲಿ 23.5. ಅದೇ ಜಾತಿಯ ಔಷಧ, ಒಂದು ಕಡೆ ಕೇಡು, ಒಂದು ಕಡೆ ಲಾಭ. ಮೊದಲನೆಯ ಪರೀಕ್ಷೆ ನಡೆಯದೇ ಹೋಗಿದ್ದರೆ ಆ ಹೆಚ್ಚುವರಿ ಸಾವುಗಳನ್ನು ಯಾರೂ ಗುರುತಿಸುತ್ತಿರಲಿಲ್ಲ. ಸಾವಿರಕ್ಕೆ ಮೂರು ಎಂಬುದು ಒಂದು ಊರಿನ ಕಣ್ಣಿಗೆ ಬೀಳುವ ಅಂಕಿಯಲ್ಲ. ಪ್ರತಿಯೊಂದು ಮನೆಯೂ "ನಮ್ಮ ಹಣೆಬರಹ" ಎಂದು ಸುಮ್ಮನಾಗುತ್ತಿತ್ತು.

ಇಷ್ಟಾದರೂ ಒಂದು ಮುಳ್ಳು ಉಳಿಯುತ್ತದೆ. ಬೆಳಗಾವಿಯ ಆ 808 ತಾಯಂದಿರಿಗೆ ಬರೀ ಗುಳಿಗೆ ಕೊಟ್ಟದ್ದು ಸರಿಯೇ? ಆ ಕಾಲಕ್ಕೆ ಆ ಹಳ್ಳಿಯ ಹೆರಿಗೆಗಳಲ್ಲಿ ಯಾವ ಔಷಧವನ್ನೂ ಕೊಡುವ ರೂಢಿ ಇರಲಿಲ್ಲ, ಆದ್ದರಿಂದ ಇದ್ದದ್ದನ್ನು ಯಾರಿಂದಲೂ ಕಿತ್ತುಕೊಂಡಿಲ್ಲ ಎಂಬುದು ಒಂದು ವಾದ. ಪಟ್ಟಣದಲ್ಲಿ ಸಿಗುವ ಚುಚ್ಚುಮದ್ದು ಹಳ್ಳಿಯವಳಿಗೆ ಸಿಗದಿರುವುದೇ ಅನ್ಯಾಯ, ಆ ಅನ್ಯಾಯವನ್ನು ಅಳತೆಗೋಲು ಮಾಡಿಕೊಳ್ಳಬಾರದು ಎಂಬುದು ಇನ್ನೊಂದು ವಾದ. ಎರಡನ್ನೂ ತೂಗಿ ನೋಡಿದಾಗ ನನ್ನ ಮನಸ್ಸು ಮೊದಲನೆಯದರ ಕಡೆಗೆ ವಾಲುತ್ತದೆ, ಆದರೆ ಎರಡನೆಯದು ನಿದ್ದೆ ಕೊಡುವುದಿಲ್ಲ. ನಿಜವಾಗಿ ಉತ್ತರ ಗೊತ್ತಿಲ್ಲದಾಗ ಮಾತ್ರ ಚೀಟಿ ಎತ್ತಬೇಕು. ಗೊತ್ತಿದ್ದೂ ಎತ್ತಿದರೆ ಅದು ಪಾಪ. ಮತ್ತು ಚೀಟಿಯಲ್ಲಿ ಹೆಸರಿರುವವರಿಗೆ ಅದು ಚೀಟಿಯೆಂದು ತಿಳಿದಿರಬೇಕು. ಹಿಲ್ ಅವರ ಪ್ರಯೋಗದಲ್ಲಿ ಔಷಧ ಸಿಗದ 52 ರೋಗಿಗಳಿಗೆ ತಾವು ಪ್ರಯೋಗದಲ್ಲಿದ್ದೇವೆಂದೇ ತಿಳಿಸಿರಲಿಲ್ಲ. ಇಂದು ಹಾಗೆ ಮಾಡುವಂತಿಲ್ಲ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ಹಾಕಿದ ಯೋಜನೆ ಚೀಟಿಯ ಪ್ರಯೋಗವಲ್ಲ. ಆದರೂ ತಂದೆತಾಯಿಗಳ ಬದಲು ಹಾಸ್ಟೆಲ್ ವಾರ್ಡನ್ನರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಬಯಲಾಗಿ ದೇಶವೆಲ್ಲ ಗದ್ದಲವಾಯಿತು, 2010ರಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು.

ನಾಳೆ ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ, ಇಂಥ ಪ್ರಯೋಗಕ್ಕೆ ಸೇರುವಿರಾ ಎಂಬ ಕರೆ ಬರಬಹುದು. ಹೆದರಿ ಓಡಬೇಕಿಲ್ಲ, ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಲೂ ಬೇಕಿಲ್ಲ. ಪ್ರಯೋಗಗಳ ನೋಂದಣಿ ನಮ್ಮ ದೇಶದಲ್ಲಿ 2007ರಲ್ಲಿ ಶುರುವಾಗಿ 2009ರಿಂದ ಕಡ್ಡಾಯವಾಗಿದೆ. ನೋಂದಣಿ ಸಂಖ್ಯೆ ಕೇಳಿ. ನನ್ನ ಪಾಲಿಗೆ ಯಾವುದು ಬರುತ್ತದೆಂದು ಯಾರು ನಿರ್ಧರಿಸುತ್ತಾರೆ, ಬರೀ ಗುಳಿಗೆಯೂ ಬರಬಹುದೇ ಎಂದು ಕೇಳಿ. ನಡುವೆ ಬಿಟ್ಟು ಹೋಗುವ ಹಕ್ಕು ನಿಮಗಿದೆ, ಬಿಟ್ಟರೆ ಎಂದಿನ ಚಿಕಿತ್ಸೆ ನಿಲ್ಲುವಂತಿಲ್ಲ. ಪ್ರಯೋಗದಿಂದ ಹಾನಿಯಾದರೆ ಪರಿಹಾರ ಕೊಡಬೇಕೆಂದು 2019ರ ಹೊಸ ಔಷಧ ಮತ್ತು ಪ್ರಯೋಗಗಳ ನಿಯಮಗಳಲ್ಲಿ ಬರೆದಿದೆ. ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಓದು ಬಾರದವರಿದ್ದರೆ ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಪಕ್ಕದಲ್ಲಿದ್ದು, ಓದಿ ಹೇಳಿದ್ದನ್ನು ಕೇಳಿಸಿಕೊಂಡು ತಾವೂ ಸಹಿ ಹಾಕಬೇಕು. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಅದನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟುಕೊಳ್ಳಿ.